ನನ್ನ ಬಾಯಿಂದ ಬರದ ಹೆಸರು

ನನ್ನ ಮೊಮ್ಮಗ ಈಗ ಸರ್ಕಾರಿ ಬಸ್ಸು ಓಡಿಸುತ್ತಾನೆ. ಈ ಮಾತನ್ನು ಕೊನೆಗೆ ಹೇಳಬೇಕಿತ್ತು, ಆದರೆ ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗಲಿಲ್ಲ, ಮೊದಲೇ ಬರೆದುಬಿಟ್ಟೆ. ಖಾಕಿ ಅಂಗಿ ತೊಟ್ಟು ಬೆಳಿಗ್ಗೆ ಮನೆಯಿಂದ ಹೊರಟನೆಂದರೆ ನಾನು ಕಟ್ಟೆಯ ಮೇಲೆ ಕುಳಿತು ನೋಡುತ್ತೇನೆ. ತಿರುವಿನಲ್ಲಿ ಮರೆಯಾದ ಮೇಲೂ ನೋಡುತ್ತೇನೆ. ಸೊಸೆ ಒಳಗಿನಿಂದ, "ಅತ್ತಿ, ಇನ್ನೇನ್ ನೋಡ್ತೀರಿ, ರಸ್ತಾ ಖಾಲಿ ಐತಿ" ಎನ್ನುತ್ತಾಳೆ. ಖಾಲಿ ರಸ್ತೆಯೂ ನನಗೆ ಈಗ ಚಂದವೇ.

ಈ ಸಂತೋಷ ನನಗೆ ದಕ್ಕದೇ ಹೋಗುವುದಿತ್ತು. ನಾನು ಹೇಳಿದೆನೆಂದು ಯಾರೋ ಬರೆದಿಟ್ಟ ಒಂದು ಹಾಳೆಯಿಂದ.

ನಾನು ಮೂರನೆಯ ಇಯತ್ತೆಗೆ ಸಾಲಿ ಬಿಟ್ಟವಳು. ಅಕ್ಷರ ಕೂಡಿಸಿ ಕೂಡಿಸಿ ಓದುತ್ತೇನೆ, ಸಹಿ ಮಾಡುತ್ತೇನೆ. ನಮ್ಮಂಥವರಿಗೆ ಬರೆದದ್ದು ಎಂದರೆ ದೇವರಷ್ಟೇ ದೊಡ್ಡದು. ಪಹಣಿಯಲ್ಲಿ ಬರೆದಿದ್ದರೆ ಹೊಲ ನಿಮ್ಮದು, ಇಲ್ಲದಿದ್ದರೆ ಅಲ್ಲ. ರೇಷನ್ ಕಾರ್ಡಿನಲ್ಲಿ ನಾನು ನನ್ನ ಸ್ವಂತ ಅಣ್ಣನಿಗಿಂತ ದೊಡ್ಡವಳು. ತಿದ್ದಿಸಲು ಹೋದಾಗ ಅಲ್ಲಿದ್ದವರು ಕಾರ್ಡು ನೋಡಿ, ನನ್ನ ಮುಖ ನೋಡಿ, "ನೀನ ದೊಡ್ಡಾಕಿ ಇರ್ಬೇಕು ಬಿಡವ್ವಾ" ಎಂದಿದ್ದರು. ನಾನೂ ಇರಬಹುದೇನೋ ಎಂದುಕೊಂಡು ಮನೆಗೆ ಬಂದಿದ್ದೆ.

ಇನ್ನು ಹೆಸರಿನ ಮಾತು. ಮೊಮ್ಮಗನಿಗೆ ನಮ್ಮ ಮನೆಯವರ ಹೆಸರನ್ನೇ ಇಟ್ಟಿದ್ದೇವೆ. ಅವರು ತೀರಿಕೊಂಡ ಮೇಲೆ ಮನೆಯಲ್ಲಿ ಹುಟ್ಟಿದ ಮೊದಲ ಗಂಡು ಕೂಸು, ಬೇರೆ ಹೆಸರು ಯಾರೂ ಎತ್ತಲಿಲ್ಲ. ಇಟ್ಟದ್ದೇನೋ ಇಟ್ಟೆವು, ಕರೆಯುವವರು ಯಾರು? ನಾನು ಗಂಡನ ಹೆಸರು ಹೇಳುವಂತಿಲ್ಲ. ಸೊಸೆ ಮಾವನ ಹೆಸರು ಹೇಳುವಂತಿಲ್ಲ. ತೊಟ್ಟಿಲ ದಿನ ನನ್ನ ಮಗಳು ಕೂಸಿನ ಕಿವಿಯಲ್ಲಿ ಹೇಳಿದ್ದೇ ಹೇಳಿದ್ದು. ಅಂದಿನಿಂದ ಮನೆಯ ಹೆಂಗಸರಿಗೆಲ್ಲ ಅವನು "ಮುತ್ಯಾ". ನಮ್ಮ ಕಡೆ ಮುತ್ಯಾ ಎಂದರೆ ಅಜ್ಜ. ಚಡ್ಡಿ ಇಲ್ಲದ ಮುತ್ಯಾ ಅಂಗಳದಲ್ಲಿ ಕೋಳಿಯ ಹಿಂದೆ ಓಡುವುದನ್ನು ಕಂಡು ದಾರಿಯವರು ನಿಂತು ನಗುತ್ತಿದ್ದರು. ಸಾಲಿಗೆ ಸೇರಿಸಿದ ಹೊಸತರಲ್ಲಿ ಮಾಸ್ತರರು ಹಾಜರಿ ಕರೆದರೆ ಅವನು ಸುಮ್ಮನೆ ಕುಳಿತಿರುತ್ತಿದ್ದನಂತೆ. ಅದು ತನ್ನ ಹೆಸರೆಂದೇ ಅವನಿಗೆ ಗೊತ್ತಿರಲಿಲ್ಲ.

ದೊಡ್ಡವನಾದ ಮೇಲೆ ಟಂಟಂ ಓಡಿಸತೊಡಗಿದ. ಹಿಂದೆ ಎದುರುಬದುರು ಕುಳಿತುಕೊಳ್ಳುವ ಮೂರು ಗಾಲಿಯ ಗಾಡಿ. ನಮ್ಮೂರು ಕುಷ್ಟಗಿ, ಯಲಬುರ್ಗಾ ಎರಡಕ್ಕೂ ನಡುವೆ ಇದೆ. ದಾಳಿಂಬೆ ಕಾಯಿ ಬಿಡಿಸುವ ಸುಗ್ಗಿಯಲ್ಲಿ ಊರಿನ ಹೆಣ್ಣುಮಕ್ಕಳನ್ನು ಬೆಳಿಗ್ಗೆ ತೋಟಕ್ಕೆ ಬಿಟ್ಟು ಸಂಜೆ ಕರೆತರುವುದು ಅವನ ಕೆಲಸ. ನಾನೂ ಹೋಗುತ್ತಿದ್ದೆ. ನೆರೆಮನೆಯ ಬೀಬಿಯೂ ಬರುತ್ತಿದ್ದಳು. ಅವಳ ಹಿರಿಯರು ಬಳೆ ಮಾರುತ್ತಿದ್ದವರು. ಈಗ ಬಳೆ ಪೇಟೆಯಲ್ಲೇ ಸಿಗುವುದರಿಂದ ಅವಳೂ ನನ್ನ ಜೊತೆ ಕತ್ತರಿ ಹಿಡಿದು ಕಾಯಿ ಬಿಡಿಸುತ್ತಿದ್ದಳು. ನಾನು ಯಾವಾಗಲೂ ಮುಂದೆ, ಮೊಮ್ಮಗನ ಪಕ್ಕದಲ್ಲಿ. ಅದು ನನ್ನ ಹಕ್ಕಿನ ಜಾಗ.

ಆ ಸಂಜೆ ಹಳ್ಳದ ಸೇತುವೆ ದಾಟಿ ಏರು ಹತ್ತುತ್ತಿದ್ದೆವು. ಬಿಸಿಲು ಇನ್ನೂ ಇತ್ತು. ಜಾಲಿ ಗಿಡಗಳ ಮರೆಯಿಂದ ಕುರಿಗಳ ಹಿಂಡೊಂದು ಒಮ್ಮೆಲೇ ರಸ್ತೆಗೆ ನುಗ್ಗಿತು. ಮೊಮ್ಮಗ ಹ್ಯಾಂಡಲ್ ಹೊರಳಿಸಿದ. ಪಕ್ಕದಲ್ಲಿ ನೀರಿನ ಪೈಪಿಗೆಂದು ಅಗೆದು ಸಡಿಲ ಮಣ್ಣು ಮುಚ್ಚಿದ್ದರು. ಗಾಲಿ ಅದರಲ್ಲಿ ಇಳಿಯಿತು. ಗಾಡಿ ಎಮ್ಮೆ ಮಲಗಿದ ಹಾಗೆ ನಿಧಾನವಾಗಿ ಒಂದು ಮಗ್ಗಲಿಗೆ ಮಲಗಿತು. ಅಷ್ಟೇ. ನನಗೆ ಭುಜ ಉಳುಕಿತು, ಉಳಿದವರಿಗೆ ತರಚು ಗಾಯ. ಆದರೆ ಬೀಬಿಯ ಕಾಲು ಅಡಿಯಲ್ಲಿ ಸಿಕ್ಕಿ ಮುರಿಯಿತು. ಮೊಮ್ಮಗ ಅವಳನ್ನು ಎತ್ತಿಕೊಂಡು ಅಳುತ್ತಿದ್ದ. ಅವಳು ಹಲ್ಲು ಕಚ್ಚಿಕೊಂಡು, "ನನ್ನ ಕಾಲ್ ಹೋತು, ನಿನ್ನ ಗಾಡಿ ಬಣ್ಣ ಹೋತು, ಮೊದ್ಲು ಯಾರು ಅಳೂದು ಬೇಟಾ" ಎಂದಳು.

ದವಾಖಾನೆಯಲ್ಲಿ ಊರಿನ ತಿಳಿದವರೊಬ್ಬರು ಬಂದು, "ಕೇಸ್ ಆಗ್ಲಿ ಬಿಡ್ರಿ. ಕೇಸ್ ಆದ್ರ ಇನ್ಶೂರೆನ್ಸಿನವ್ರು ಬೀಬಿ ಕಾಲಿನ ಖರ್ಚು ಕೊಡ್ತಾರ" ಎಂದರು. ನಾವೆಲ್ಲ ಆಗಲಿ ಎಂದೆವು. ಮೊಮ್ಮಗನೂ ಆಗಲಿ ಎಂದ. ಬೀಬಿಯ ಕಾಲು ಸರಿಯಾದರೆ ಸಾಕಿತ್ತು ನಮಗೆ. ಕೇಸು ಗಾಡಿಯ ಮೇಲೆ ಆಗುತ್ತದೆ ಎಂದು ತಿಳಿದಿದ್ದೆವು. ಕಬ್ಬಿಣದ ಗಾಡಿಯ ಮೇಲೆ ಎಷ್ಟು ಕೇಸಾದರೇನು ಎಂಬ ಲೆಕ್ಕ ನಮ್ಮದು. ಕೇಸು ಆಗುವುದು ಅದನ್ನು ಓಡಿಸಿದವನ ಮೇಲೆ ಎಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ನಾವೇ ಸಂತೋಷದಿಂದ ತಲೆಯಾಡಿಸಿ ಹುಡುಗನನ್ನು ಕೋರ್ಟಿಗೆ ಕಳಿಸಿದೆವು.

ಪೊಲೀಸಿನವರೊಬ್ಬರು ಜವಾಬು ಬರೆದುಕೊಳ್ಳಲು ಬಂದರು. ಒಂದು ಕೈಯಲ್ಲಿ ಮೊಮ್ಮಗನ ಲೈಸೆನ್ಸು, ಇನ್ನೊಂದು ಕೈಯಲ್ಲಿ ಪೆನ್ನು. ನಾನು ಕುರಿಯ ಕಥೆ, ಮಣ್ಣಿನ ಕಥೆ, ಎಮ್ಮೆ ಮಲಗಿದ ಕಥೆ ಎಲ್ಲ ಹೇಳಿದೆ. ಅವರು ಹೂಂ ಹೂಂ ಎಂದು ಬರೆದುಕೊಂಡರು. ಮುಗಿದ ಮೇಲೆ ನಾನು ಪೆನ್ನಿಗೆ ಕೈ ಚಾಚಿದೆ.

"ಏನವ್ವಾ?"

"ಸಹಿ ಮಾಡ್ತೀನ್ರಿ. ಹೆಬ್ಬಟ್ಟಲ್ಲ, ಸಹಿ ಬರ್ತೈತಿ ನನಗ."

"ಬ್ಯಾಡ. ಇದಕ್ಕ ಸಹಿ ತಗೊಳಂಗಿಲ್ಲ."

ನನಗೆ ಮುಖಭಂಗವಾದಂತಾಯಿತು. ಬೀಬಿ ಮಂಚದ ಮೇಲಿನಿಂದ, "ನಿನ್ನ ಸಹಿ ನೋಡಿ ಹೆದರ್ಯಾರ ಬಿಡು" ಎಂದು ನಕ್ಕಳು.

ಮುಂದೆ ಮೊಮ್ಮಗ ಸರ್ಕಾರಿ ಬಸ್ಸಿನ ಡ್ರೈವರ್ ಕೆಲಸಕ್ಕೆ ಆಯ್ಕೆಯಾದ. ನಾನು ಓಣಿಯಲ್ಲೆಲ್ಲ ಸಕ್ಕರೆ ಹಂಚಿ ಬಂದೆ. ಆಮೇಲೆ ತಿಳಿಯಿತು, ಅವನ ಮೇಲೆ ಕೇಸಿದೆ, ಅದು ತೀರುವ ತನಕ ಕೆಲಸವಿಲ್ಲ, ಅಲಕ್ಷತನದಿಂದ ಗಾಡಿ ಓಡಿಸಿದ್ದು ಖರೆ ಎಂದಾದರೆ ಎಂದಿಗೂ ಇಲ್ಲ ಎಂದು. ಹಂಚಿದ ಸಕ್ಕರೆ ವಾಪಸು ಕೇಳಲು ಬರುತ್ತದೆಯೇ? ಕಂಡವರೆಲ್ಲ, "ಏನಾತವ್ವಾ, ಬಸ್ ಯಾವಾಗ ಬರ್ತೈತಿ?" ಎಂದು ಕೇಳುವರು.

ಅದಕ್ಕಿಂತ ನನ್ನನ್ನು ತಿಂದದ್ದು ಮೊಮ್ಮಗನ ಮೌನ. ಕೋರ್ಟಿನಿಂದ ಅವನಿಗೆ ಕಾಗದಗಳ ಒಂದು ಕಟ್ಟು ಕೊಟ್ಟಿದ್ದರು. ಅದು ಮನೆಗೆ ಬಂದ ದಿನದಿಂದ ಅವನು ನನ್ನ ಜೊತೆ ಕುಳಿತು ಉಣ್ಣುವುದನ್ನು ಬಿಟ್ಟ. ಕೇಳಿದ್ದಕ್ಕೆ ಹೂಂ, ಇಲ್ಲ, ಅಷ್ಟೇ. ಟಂಟಂನ ಮುಂದಿನ ಸೀಟಿನಲ್ಲಿ, ನನ್ನ ಜಾಗದಲ್ಲಿ, ಗೋಣಿಚೀಲ ಇಡತೊಡಗಿದ. ಕೆಲಸ ನಿಂತ ಸಂಕಟ ಎಂದುಕೊಂಡೆ. ನನ್ನ ಮೇಲೆಯೇ ಸಂಕಟ ಎಂದು ಕನಸಿನಲ್ಲೂ ಅಂದುಕೊಳ್ಳಲಿಲ್ಲ.

ಕೊನೆಗೆ ನನಗೂ ಕೋರ್ಟಿನಿಂದ ಸಮನ್ಸು ಬಂತು. ಸಾಕ್ಷಿ ಹೇಳಬೇಕೆಂದು. ನನಗೆ ಸಿಟ್ಟೇ ಬಂತು. ಒಮ್ಮೆ ಹೇಳಿದ್ದೇನಲ್ಲ, ಬರೆದುಕೊಂಡಿದ್ದಾರಲ್ಲ, ಅದನ್ನೇ ಓದಿಕೊಂಡರೆ ಆಯಿತಲ್ಲ ಎಂದು. ಆದರೂ ಇಳಕಲ್ ಸೀರೆ ಉಟ್ಟು ತಾಲೂಕು ಕೋರ್ಟಿಗೆ ಹೋದೆ.

ಪಡಸಾಲೆಯಲ್ಲಿ ಕುಳಿತಿದ್ದಾಗ ಕೋರ್ಟಿನ ಕೆಲಸ ನೋಡುವ ಪೊಲೀಸಿನವನೊಬ್ಬ ಬಂದು ಬಗ್ಗಿ ಹೇಳಿದ, "ಅವ್ವಾ, ನೀ ಮೊದ್ಲು ಏನು ಹೇಳೀದಿ ಅದನ್ನ ಹೇಳು. ನಿನ್ನ ಮೊಮ್ಮಗ ಜೋರ್ ಹೊಡ್ಯಾಕತ್ತಿದ್ದ, ನೀ ಬ್ಯಾಡ ಅಂದ್ರೂ ಕೇಳಲಿಲ್ಲ. ಇಷ್ಟ."

"ಯಾರ್ ಹೇಳ್ಯಾರಿದನ್ನ?"

"ನೀನ. ಬರ್ದೈತಿ."

ಗೋಡೆಗೆ ಆತು ನಿಂತಿದ್ದ ಮೊಮ್ಮಗನ ಕಡೆ ನೋಡಿದೆ. ಅವನು ನನ್ನತ್ತ ನೋಡದೆ ನೆಲ ನೋಡುತ್ತ ಹೇಳಿದ, "ಓದೀನಿ ಆಯಿ ನಾನು. ನಿನ್ನ ಹೆಸರಿಲೆ ಐತಿ. ಇರ್ಲಿ ಬಿಡು, ನಿನಗ ಹಂಗ ಕಂಡಿದ್ರ ಹಂಗ ಹೇಳೀದಿ."

ಆಗ ತಿಳಿಯಿತು ನನಗೆ ಗೋಣಿಚೀಲದ ಅರ್ಥ. ಅಷ್ಟು ತಿಂಗಳು ಈ ಹುಡುಗ, ತನ್ನ ಆಯಿಯೇ ಪೊಲೀಸರ ಮುಂದೆ ತನ್ನನ್ನು ಸಿಗಿಸಿದ್ದಾಳೆ ಎಂದು ನಂಬಿ ನನ್ನ ಕೈಯಿಂದಲೇ ರೊಟ್ಟಿ ಇಸಿದುಕೊಂಡು ತಿಂದಿದ್ದಾನೆ. ಇಲ್ಲ ಎಂದರೆ ನಂಬುವನೇ? ಅಲ್ಲಿ ಬರೆದಿದೆ. ಬರೆದದ್ದರ ಮುಂದೆ ನನ್ನ ಮಾತು ಯಾವಾಗ ನಿಂತಿತ್ತು? ನನ್ನ ವಯಸ್ಸೇ ನಿಂತಿರಲಿಲ್ಲ.

ಅಷ್ಟರಲ್ಲಿ ಬಾಗಿಲಲ್ಲಿ ಜವಾನ ಪುಕಾರು ಹಾಕಿದ. ಮೊಮ್ಮಗನ ಹೆಸರು ಎಂದರೆ ನಮ್ಮ ಮನೆಯವರ ಹೆಸರು. ಪಡಸಾಲೆಯ ಉದ್ದಕ್ಕೂ ಮೊಳಗಿತು. ಸತ್ತವರನ್ನು ಕಟಕಟೆಗೆ ಕರೆದ ಹಾಗಾಗಿ ನಾನು ಬೆಚ್ಚಿ ಎದ್ದುನಿಂತು ಸೆರಗು ಹೊದ್ದುಕೊಂಡೆ.

ಒಳಗೆ ಪ್ರಮಾಣ ಮಾಡಿಸಿದರು. ಸರ್ಕಾರಿ ವಕೀಲರು ಗಂಗಾವತಿ ಕಡೆಯ ಹೆಣ್ಣುಮಗಳು, ನನ್ನ ಮಗಳ ವಯಸ್ಸು.

"ಗಾಡಿ ಯಾರು ನಡಸ್ತಿದ್ರು ಅಜ್ಜಿ?"

"ನನ್ನ ಮೊಮ್ಮಗರೀ."

"ಹೆಂಗ ನಡಸ್ತಿದ್ದ?"

"ಛಲೋ ನಡಸ್ತಿದ್ದರೀ."

ಹಿಂದೆ ಯಾರೋ ನಕ್ಕರು. "ಭಾಳ ಜೋರು ಹೋಗ್ತಿದ್ದ, ಹೌದಲ್ಲ?"

"ಏರಿನಾಗ ಟಂಟಂ ಜೋರು ಹೋಗಂಗಿಲ್ರೀ ಮೇಡಂ. ಒಳಗ ಇಷ್ಟ್ ಮಂದಿ ಹೆಣ್ಮಕ್ಕಳು. ನಡಕೋಂತ ಹೊಂಟಾಕಿ ಒಬ್ಬಾಕಿ ನಮ್ಮನ್ನ ದಾಟಿ ಮುಂದ ಹೋದ್ಲು."

ವಕೀಲರು ನ್ಯಾಯಾಧೀಶರಿಗೆ, ಈ ಸಾಕ್ಷಿ ನಮಗೆ ಪ್ರತಿಕೂಲವಾಗಿದ್ದಾಳೆ ಎಂದರು. ಆಮೇಲೆ ನನ್ನ ಕಡೆ ತಿರುಗಿ ಒಂದು ಹಾಳೆ ಎತ್ತಿಕೊಂಡು, "ನೀವು ಪೊಲೀಸರ ಮುಂದೆ ಹೀಗೆ ಹೇಳಿದ್ದೀರಿ" ಎಂದು ಓದತೊಡಗಿದರು. ಸದರಿ ವಾಹನದ ಚಾಲಕನು ಅತಿ ಜೋರಾಗಿ ಹಾಗೂ ಅಲಕ್ಷತನದಿಂದ ನಡೆಸುತ್ತಿದ್ದು, ಎಂದು ಶುರುವಾಯಿತು. ಸದರಿ ಎಂಬ ಮಾತು ನನ್ನ ಬಾಯಲ್ಲಿ ಹುಟ್ಟಿದ್ದೇ ಇಲ್ಲ. ಕೇಳುತ್ತ ನಿಂತೆ. ಮುಂದೆ ಬಂತು ನೋಡಿ, ನಾನು ನನ್ನ ಮೊಮ್ಮಗನಿಗೆ ಹೆಸರು ಹಿಡಿದು ಕೂಗಿ, ಇಂಥವನೇ ನಿಧಾನವಾಗಿ ಹೋಗು, ಇಂಥವನೇ ನಿಧಾನವಾಗಿ ಹೋಗು ಎಂದು ಹೇಳಿದರೂ ಕೇಳದೆ, ಎಂದು. ಇಂಥವನೇ ಎನ್ನುವ ಕಡೆ ಆ ಹೆಸರು. ಎರಡು ಸಲ.

ನಾನು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡೆ. ದೇವರಾಣೆ, ಆಗ ನನಗೆ ಕೇಸೂ ನೆನಪಾಗಲಿಲ್ಲ, ಬಸ್ಸೂ ನೆನಪಾಗಲಿಲ್ಲ. ಇಷ್ಟು ವರ್ಷ ಸಂಸಾರ ಮಾಡಿ, ಅವರು ಹೋದ ಮೇಲೂ ಇಷ್ಟು ವರ್ಷ ಬಾಳಿ, ಒಮ್ಮೆಯೂ ತುಟಿಗೆ ತಾರದ ಹೆಸರನ್ನು ನಾನು ನಡುರಸ್ತೆಯಲ್ಲಿ ಕೂಗಿದೆ ಎಂದು ಸರ್ಕಾರಿ ಹಾಳೆಯಲ್ಲಿ ಬರೆದಿದೆಯಲ್ಲ ಎಂಬುದೊಂದೇ.

"ಇಲ್ರೀ. ನಾ ಆ ಹೆಸರು ಹೇಳಿಲ್ರೀ."

"ಅವನು ನಿಮ್ಮ ಮೊಮ್ಮಗ ಅಲ್ಲ ಅಂತೀರೇನು?"

"ಮೊಮ್ಮಗ ಹೌದ್ರೀ. ಹೆಸರು ಹೇಳಿಲ್ಲ."

ನ್ಯಾಯಾಧೀಶರು ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದರು. ಮೈಸೂರು ಕಡೆಯ ಮಾತು ಅವರದು. "ಯಾಕಮ್ಮ? ಮೊಮ್ಮಗನ ಹೆಸರು ಹೇಳುವುದರಲ್ಲಿ ಏನಿದೆ?"

"ಅದು ನಮ್ಮ ಮನಿಯವರ ಹೆಸರ್ರೀ. ಅವನ ಅಜ್ಜಂದು."

"ಹಾಗಾದರೆ ಏನೆಂದು ಕರೆಯುತ್ತೀರಿ ಅವನನ್ನು?"

"ಮುತ್ಯಾ ಅಂತೀನ್ರಿ. ಸಿಟ್ಟು ಬಂದ್ರ ಏ ಗೂಳಿ ಅಂತೀನಿ."

ಇಡೀ ಕೋರ್ಟು ನಕ್ಕಿತು. ಸರ್ಕಾರಿ ವಕೀಲರು ಹಾಳೆಯನ್ನು ಬಾಯಿಗೆ ಅಡ್ಡ ಹಿಡಿದರು. ಅವರಿಗೂ ಅತ್ತೆಮನೆ ಇರಬೇಕು, ಅವರಿಗೆ ತಿಳಿಯಿತು. ನಾನು ನಗಲಿಲ್ಲ. "ಆದ್ರ ಬರದೈತಲ್ರೀ ಸಾಹೇಬ್ರ," ಎಂದೆ, "ಇನ್ನ ನಾ ಹೇಳಿದ್ದು ಯಾರು ಕೇಳ್ತಾರ?"

ಆಗ ನ್ಯಾಯಾಧೀಶರು ಹೇಳಿದ ಮಾತು ಕೇಳಿ ನಾನು ಮತ್ತೊಮ್ಮೆ ದಂಗಾದೆ.

"ಅಮ್ಮ, ಈ ಹಾಳೆ ಸಾಕ್ಷಿ ಅಲ್ಲ. ಪೊಲೀಸರು ತನಿಖೆಗಾಗಿ ಬರೆದುಕೊಂಡದ್ದು. ನೀವು ಇಲ್ಲಿ ಹೇಳುವ ಮಾತಿಗೂ ಅದಕ್ಕೂ ವ್ಯತ್ಯಾಸ ಬಂದರೆ ಯಾಕೆ ಎಂದು ನಿಮ್ಮನ್ನು ಕೇಳಬಹುದು, ಅಷ್ಟೇ. ಅದನ್ನೇ ನಂಬಿ ಯಾರಿಗೂ ಶಿಕ್ಷೆ ಕೊಡುವಂತಿಲ್ಲ. ಪ್ರಮಾಣ ಮಾಡಿ ಇಲ್ಲಿ ನಿಂತು ಹೇಳುತ್ತಿದ್ದೀರಲ್ಲ, ಅದು ಸಾಕ್ಷಿ."

"ಬರದದ್ದಕ್ಕಿಂತ ನನ್ನ ಬಾಯಿ ದೊಡ್ಡದೇನ್ರಿ?"

"ಇಲ್ಲಿ ಹೌದು. ಆದರೆ ನಿಜ ಹೇಳಬೇಕು."

ನಾನು ಕಟಕಟೆಯ ಕಟ್ಟಿಗೆ ಹಿಡಿದುಕೊಂಡೆ. ಇಷ್ಟು ದಿನ ಎಲ್ಲ ಕಚೇರಿಗಳಲ್ಲೂ ಕಾಗದ ತೋರಿಸು, ಕಾಗದ ತೋರಿಸು ಎನಿಸಿಕೊಂಡವಳಿಗೆ, ಕಾಗದ ಪಕ್ಕಕ್ಕಿಡು, ನೀನು ಹೇಳು ಎನ್ನುವ ಜಾಗವೂ ಒಂದಿದೆ ಎಂದು ಯಾರು ಹೇಳಿದ್ದರು? ಪೊಲೀಸಿನವರು ಸಹಿ ಬೇಡವೆಂದದ್ದೂ ಅದಕ್ಕೇ ಎಂದು ಆಮೇಲೆ ಮೊಮ್ಮಗನ ಪರವಾಗಿದ್ದ ನಮ್ಮ ವಕೀಲರು ತಿಳಿಸಿದರು. ಸಹಿ ಹಾಕಿಸಿ ಸಾಕ್ಷಿಯ ಕೈಕಟ್ಟಬಾರದೆಂದು ಕಾಯ್ದೆಯೇ ಹಾಗೆ ಇದೆಯಂತೆ.

ಸರ್ಕಾರಿ ವಕೀಲರು ಬಿಡಲಿಲ್ಲ. "ಮೊಮ್ಮಗನನ್ನ ಉಳಿಸಾಕ ಸುಳ್ಳು ಹೇಳಾಕತ್ತೀರಿ ಅಂತೀನಿ ನಾನು."

"ಉಳಸ್ಬೇಕಂತ ಆಸೆ ಐತ್ರಿ. ಸುಳ್ಳು ಹೇಳಾಕ ಬಂದಿಲ್ಲ. ಕುರಿ ಬಂದದ್ದು ಅವನೂ ನೋಡ್ಲಿಲ್ಲ, ನಾನೂ ನೋಡ್ಲಿಲ್ಲ. ಜಾಲಿ ಗಿಡ ಅಡ್ಡ ಇದ್ವು. ನೋಡಿದ ಕೂಡ್ಲೆ ಹೊಳ್ಳಿಸಿದ. ಮಣ್ಣು ಸಡ್ಲ ಇತ್ತು. ಗಾಡಿ ಎಮ್ಮಿ ಮಲಗಿದಂಗ ಮಲಗ್ತು. ಜೋರ್ ಇದ್ದಿದ್ರ ಹಂಗ ಮಲಗ್ತಿತ್ತೇನ್ರಿ?"

ಟೈಪು ಮಾಡುವ ಹುಡುಗಿ ಎಮ್ಮೆಯನ್ನೂ ಟೈಪು ಮಾಡಿದಳು. ಮುಗಿದ ಮೇಲೆ ನಾನು ಹೇಳಿದ್ದನ್ನೆಲ್ಲ ನನಗೇ ಓದಿ ಹೇಳಿದರು. ನನ್ನವೇ ಮಾತು, ಸ್ವಲ್ಪ ತಲೆ ಬಾಚಿಕೊಂಡು ನಿಂತಂತೆ. ಅದರಲ್ಲಿ ಆ ಹೆಸರಿಗೆ ಬದಲು ಆರೋಪಿ ಎಂದು ಹಾಕಿದ್ದರು. ಆಮೇಲೆ, "ಸಹಿ ಮಾಡಿ" ಎಂದು ಪೆನ್ನು ಕೊಟ್ಟರು. ನಾನು ಸಹಿ ಮಾಡಿದೆ. ಜಾಗ ಸಾಲದೆ ಕೆಳಗಿನ ಸಾಲಿಗೆ ಇಳಿಯಿತು.

ನನ್ನ ಹಿಂದೆ ಬೀಬಿ ಕೋಲೂರಿಕೊಂಡು ಹತ್ತಿದಳು. ಅವಳ ಹೇಳಿಕೆ ಓದಿದರೆ ಅದರಲ್ಲೂ ಅದೇ ಸದರಿ, ಅದೇ ಅಲಕ್ಷತನ. ಅವಳೂ ಹೆಸರು ಹಿಡಿದು ಕೂಗಿದ್ದಾಳಂತೆ. "ನಾ ಅವನಿಗೆ ಹುಟ್ಟಿದಾಗಿಂದ ಬೇಟಾ ಅಂತೀನ್ರಿ," ಎಂದಳು. "ನನ್ನ ಕಾಲ್ ಮುರದೈತಿ, ಬಾಯಿ ಮುರದಿಲ್ಲ. ಜೋರ್ ಹೋಗಿದ್ರ ಇಲ್ಲೇ ಬೈತಿದ್ದೆ." ಉಳಿದ ಹೆಣ್ಣುಮಕ್ಕಳ ಹಾಳೆಗಳಲ್ಲೂ ಸಾಲಿಗೆ ಸಾಲು ಅದೇ ಇತ್ತು. ಬರೆದವರಿಗೆ ನಮ್ಮ ಮೇಲೆ ಹಗೆಯೇನೂ ಇದ್ದಿರಲಾರದು. ಎಲ್ಲ ಗಾಡಿ ಕೇಸಿಗೂ ಬರೆಯುವ ಸಾಲನ್ನೇ ಬರೆದು, ಲೈಸೆನ್ಸಿನ ಮೇಲಿದ್ದ ಹೆಸರನ್ನು ಎಲ್ಲರ ಬಾಯಿಗೂ ಹಾಕಿದ್ದರು. ಅದು ಯಾರ ಬಾಯಿಗೆ ಹೋಗುತ್ತದೆ ಎಂದು ನೋಡಲಿಲ್ಲ, ಅಷ್ಟೇ.

ಹೊರಗೆ ಬೇವಿನ ಮರದ ಕೆಳಗೆ ಮೊಮ್ಮಗ ನಿಂತಿದ್ದ. ಹಣೆ ಹಣೆ ಬಡಿದುಕೊಳ್ಳುತ್ತಿದ್ದ.

"ಆಯಿ, ಎಷ್ಟ್ ಸಲ ಓದೀನಿ ಆ ಹಾಳಿ. ಅಲಕ್ಷತನ ಅನ್ನೂದ ಕಣ್ಣಾಗ ಚುಚ್ಚತಿತ್ತು. ನೀ ಹೆಸರು ಕೂಗೀದಿ ಅಂತ ಬರ್ದಿದ್ದು ಓದಿದ್ರೂ ತಲ್ಯಾಗ ಹೋಗ್ಲಿಲ್ಲ ನೋಡು. ನೀ ಯಾವಾಗ ನನ್ನ ಹೆಸರು ಕರ್ದೀದಿ?"

"ನಿನ್ನ ಹೆಸರು ನಿನಗ ಯಾವಾಗ ಗೊತ್ತಾಗೇತಿ? ಸಾಲ್ಯಾಗೂ ಹಿಂಗ ಕುಂತಿರ್ತಿದ್ದಿ," ಎಂದೆ.

ಅವನು ನಗಲು ಹೋಗಿ ಅತ್ತ. ಬೀಬಿ ಕೋಲಿನಿಂದ ಅವನ ಕಾಲಿಗೆ ಮೆಲ್ಲಗೆ ತಟ್ಟಿ, "ಮೊದ್ಲು ಮುಂದಿನ ಸೀಟಿನ ಗೋಣಿಚೀಲ ತಗಿ ಗೂಳಿ, ನಿಮ್ಮಾಯಿ ಕುಂದರ್ಲಿ" ಎಂದಳು. ಅವಳಿಗೆ ಎಲ್ಲ ಗೊತ್ತಿತ್ತು. ಊರಿಗೆ ಹೋಗುವಾಗ ನಾನು ಮುಂದೆಯೇ ಕುಳಿತೆ.

ತೀರ್ಪಿನ ದಿನ ಜವಾನ ಮತ್ತೆ ಆ ಹೆಸರು ಕೂಗಿದ. ನಾನು ಮತ್ತೆ ಸೆರಗು ಹೊದ್ದುಕೊಂಡೆ. ಒಳಗಿನಿಂದ ಮೊಮ್ಮಗ ಬರುವ ನಡಿಗೆಯಲ್ಲೇ ತಿಳಿಯಿತು, ಖುಲಾಸೆ. ಆದರೂ ನಂಬಿಕೆಯಾಗದೆ ನಮ್ಮ ವಕೀಲರನ್ನು ಕೇಳಿದೆ, ವಕೀಲರ ಗುಮಾಸ್ತನನ್ನು ಕೇಳಿದೆ, ಕೊನೆಗೆ ಜವಾನನನ್ನೂ ಕೇಳಿದೆ. ಜವಾನ, "ಬಿಟ್ಟಾರ ಹೋಗವ್ವಾ, ಇನ್ನ ನಾ ಕೂಗಂಗಿಲ್ಲ" ಎಂದ. ನನಗಾದ ಹಿಗ್ಗಿಗೆ ಅವನ ಕಾಲಿಗೆ ಬೀಳುವುದೊಂದು ಬಾಕಿ.

ಕೆಲಸದ ಆರ್ಡರು ಬರುವುದು ತಡವಾಯಿತು, ಬಂತು. ಈ ಸಲ ಸಕ್ಕರೆ ಹಂಚುವ ಮುನ್ನ ಅವನು ಬಸ್ಸು ಹತ್ತುವ ತನಕ ತಡೆದೆ.

ಮೊನ್ನೆ ಕೊಪ್ಪಳಕ್ಕೆ ಕಣ್ಣು ತೋರಿಸಲು ಅವನ ಬಸ್ಸಿನಲ್ಲೇ ಹೋದೆ. ಬೀಬಿಯೂ ಬಂದಿದ್ದಳು. ಡ್ರೈವರನ ಹಿಂದಿನ ಸೀಟು. ಅವನ ಅಂಗಿಯ ಎದೆಯ ಮೇಲೆ ಹೆಸರಿನ ಪಟ್ಟಿ, ಕನ್ನಡಿಯಲ್ಲಿ ತಿರುಗುಮುರುಗಾಗಿ ಕಾಣುತ್ತಿತ್ತು. ನಾನು ಮನಸ್ಸಿನಲ್ಲೇ ಒಂದೊಂದು ಅಕ್ಷರ ಕೂಡಿಸಿ ಓದಿಕೊಂಡೆ. ತುಟಿ ಬಿಗಿ ಹಿಡಿದಿದ್ದೆ. ಕುಕನೂರು ದಾಟಿದ ಮೇಲೆ ಪಕ್ಕದ ಹೆಣ್ಣುಮಗಳೊಬ್ಬಳು, "ಎಷ್ಟ್ ನಿಧಾನ, ಎಷ್ಟ್ ಛಲೋ ಹೊಡಿತಾನವ್ವಾ ಈ ಹುಡುಗ. ನಿಮ್ಮವನೇನು?" ಎಂದಳು.

"ನನ್ನ ಮೊಮ್ಮಗ."

"ಹೆಸರೇನು?"

"ಅಂಗಿ ಮ್ಯಾಲೆ ಬರ್ದೈತಿ, ಓದ್ಕೋ."

"ನನಗೆಲ್ಲಿ ಓದಾಕ ಬರ್ತೈತಿ. ನೀನ ಹೇಳು."

ಬೀಬಿ ಕಿಟಕಿಯ ಕಡೆ ಮುಖ ತಿರುಗಿಸಿ ನಗುತ್ತಿದ್ದಳು. ಕನ್ನಡಿಯಲ್ಲಿ ಮೊಮ್ಮಗನ ಹಲ್ಲು ಕಂಡವು.

"ನಾ ಹೇಳಂಗಿಲ್ಲ ಯವ್ವಾ," ಎಂದೆ ನಾನು. "ಬೇಕಂದ್ರ ಕೋರ್ಟಿನ್ಯಾಗ ಕೇಳ್ಕೊಂಡ್ ಬಾ."